ಟೊಮ್ಯಾಟೊ ಲಾರಿಯ ತಳ

ಕ್ಯಾಲನೂರಿನ ನಮ್ಮ ಪಕ್ಕದ ಮನೆಯವನು ದಿನಾ ಬೆಳಿಗ್ಗೆ ತನ್ನ ಟೊಮ್ಯಾಟೊ ಲಾರಿಯ ಮುಂಭಾಗ ಒರೆಸಿ, ಹೂವಿಟ್ಟು ಕೈಮುಗಿಯುತ್ತಿದ್ದ. ಕೊಳೆತ ಹಣ್ಣಿನ ರಸ ಸೋರಿ ತಳವೆಲ್ಲ ತುಕ್ಕು ಹಿಡಿದಿತ್ತು. ಜೋತುಬಿದ್ದು ಕಬ್ಬಿಣಕ್ಕೆ ಉಜ್ಜುತ್ತಿದ್ದ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಟೊಮ್ಯಾಟೊ ಗಿಡ ಕಟ್ಟುವ ದಾರದಿಂದ ಎತ್ತಿ ಕಟ್ಟಿದ್ದ.

“ಅಣ್ಣಾ, ಕೇಬಲ್ ಎಳೆ ಬಿಟ್ಟಿದೆ. ಬದಲಾಯ್ಸು, ತಳ ತೊಳೆಸಿ ಗ್ರೀಸ್ ಹಾಕ್ಸು” ಎಂದು ನಾನಂದರೆ, “ಕೆಳಗ್ ಬಗ್ಗಿ ನೋಡೋರ್ ಯಾರ್ ಬಿಡಪ್ಪ” ಎನ್ನುತ್ತಿದ್ದ.

ಮೊನ್ನೆ ಹಾಲಿನ ಡೈರಿಯ ಮುಂದಿನ ಇಳಿಜಾರಿನಲ್ಲಿ ಲಾರಿ ನಿಲ್ಲಿಸಿ ಟೀ ಕುಡಿಯಲು ಹೋದ. ಕೇಬಲ್ ಕಿತ್ತುಹೋಗಿ ಲಾರಿ ಉರುಳಿತು. ಕೆಳಗೆ ಹಾಲು ಹಾಕಲು ನಿಂತಿದ್ದ ಅಮ್ಮನನ್ನು ಸೆರಗು ಹಿಡಿದು ಎಳೆದುಕೊಂಡೆ. ಅವಳ ಕ್ಯಾನ್ ಚಕ್ರದಡಿ ಅಪ್ಪಚ್ಚಿಯಾಯಿತು. ಲಾರಿ ಗೋಡೆಗೆ ಗುದ್ದಿ ನಿಂತಿತು.

ಟೀ ಅಂಗಡಿಯಿಂದ ಓಡಿ ಬಂದವನು ಲಾರಿಯ ಮುಖ ಸವರಿದ. “ಪುಣ್ಯ, ಗ್ಲಾಸ್ ಒಡ್ದಿಲ್ಲ.”

“ಬಗ್ಗಿ ನೋಡ್ಲಾ ಈಗ!” ಅಮ್ಮ ಕಿರುಚಿದಳು. “ನಾನ್ ಅಡೀಲಿದ್ದಿದ್ರೆ ನೀನ್ ಬಗ್ತಿದ್ದೆ ತಾನೆ?”

ಆಗಲೂ ಅವನು ಬಗ್ಗಲಿಲ್ಲ.