ಟರ್ಬೋ ಕಾರಿಗೆ ಜೀಪಿನ ಇಂಜಿನ್

ಎಂಬತ್ತರ ದಶಕದ ನಡುವಿನ ಮಾತು. ತೀರ್ಥಹಳ್ಳಿಯಲ್ಲಿ ನನ್ನದೊಂದು ಗ್ಯಾರೇಜಿತ್ತು. ಬೊಂಬಾಯಿಯಲ್ಲಿ ಐದು ವರ್ಷ ಫಾರಿನ್ ಕಾರುಗಳ ಕೆಳಗೆ ಮಲಗಿ ಕಲಿತು ಬಂದವನು ನಾನು. ಇಲ್ಲಿ ಸಿಕ್ಕಿದ್ದು ಮಾತ್ರ ಜೀಪು, ಟ್ರಾಕ್ಟರು, ಸಗಣಿ ಮೆತ್ತಿದ ಟ್ರೇಲರು. ಹಾಗಾಗಿ ಅಕ್ಕಿ ಗಿರಣಿಯ ಸಾಹುಕಾರರು, ದುಬೈಯಿಂದ ವಾಪಸಾದವರೊಬ್ಬರಿಂದ ಕೊಂಡ ಹಳೆಯ ಜಪಾನಿ ಟರ್ಬೋ ಕಾರನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿದ ದಿನ ನನಗೆ ಖುಷಿಗೆ ಊಟ ಸೇರಲಿಲ್ಲ. ಎರಡೇ ಬಾಗಿಲು, ಸೊಂಟಕ್ಕೂ ಬಾರದ ಬಾನೆಟ್ಟು. ಕಲಿತ ವಿದ್ಯೆಗೆ ತಕ್ಕ ಗಾಡಿ ಊರಲ್ಲಿ ಅದೊಂದೇ. ಅದು ಚೆನ್ನಾಗಿ ಓಡುತ್ತಿರಬೇಕು, ನನ್ನ ಕೈಯಲ್ಲೇ ಓಡುತ್ತಿರಬೇಕು, ಅಷ್ಟು ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ.

ಟರ್ಬೋ ಎಂದರೆ ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗುವ ಸಣ್ಣ ಫ್ಯಾನು. ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಜೋರಾಗಿ ಓಡಿಸಿದರೆ ಕೆಂಡದಂತೆ ಕಾಯುತ್ತದೆ. ನಿಲ್ಲಿಸುವ ಮುಂಚೆ ಎರಡು ನಿಮಿಷ ಇಂಜಿನ್ ಸುಮ್ಮನೆ ನಡೆಯಲು ಬಿಡಬೇಕು, ಇಲ್ಲದಿದ್ದರೆ ಒಳಗಿನ ಆಯಿಲ್ ಸುಟ್ಟು ಕರಕಲಾಗಿ ಬೇರಿಂಗನ್ನು ತಿಂದುಹಾಕುತ್ತದೆ. ಇದನ್ನು ಸಾಹುಕಾರರಿಗೆ ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ ತಲೆಯಾಡಿಸಿದರು.

ಆರು ತಿಂಗಳಿಗೆ ಕಾರು ನೀಲಿ ಹೊಗೆ ಉಗುಳುತ್ತ ಬಂತು. ಬೇರಿಂಗ್ ಸತ್ತಿತ್ತು. ಬೊಂಬಾಯಿಯ ನನ್ನ ಹಳೇ ಗ್ಯಾರೇಜಿನವರ ಕೈಕಾಲು ಹಿಡಿದು ಸಾಮಾನು ತರಿಸಿ, ಮೈಯೆಲ್ಲ ಕಣ್ಣಾಗಿ ಕೂರಿಸಿದೆ. ಪರೀಕ್ಷೆಗೆಂದು ಸಾಹುಕಾರರನ್ನೇ ಸ್ಟೇರಿಂಗಿಗೆ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ತಿರುಗಿ ಹತ್ತಿದೆವು. ಏನು ಹತ್ತಿತು ಅಂತೀರಿ! ತಿರುವು ತಿರುವಿಗೂ ಬೆನ್ನು ಸೀಟಿಗೆ ಒತ್ತುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಆಗುಂಬೆ ದಾಟಿ ಮೊದಲ ಇಳಿಜಾರು ಸಿಕ್ಕಿದ್ದೇ ತಡ, ಸಾಹುಕಾರರು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿಬಿಟ್ಟರು.

“ಎಂತ ಮಾಡಿದ್ರಿ!” ಎಂದು ಕಿರುಚಿದೆ.

“ಇಳಿಜಾರಲ್ಲಿ ಇಂಜಿನ್ ಎಂತಕ್ಕೆ ಉರೀಬೇಕು ಮಾರಾಯ? ನಮ್ ಬಸ್ಸಿನವ್ರೂ ಆಫ್ ಮಾಡ್ಕಂಡೇ ಇಳಿಯದು.”

ನಮ್ಮ ಕಡೆಯ ಚಟವೇ ಅದು. ಇಳಿಜಾರು ಕಂಡರೆ ಕೈ ತಾನಾಗಿ ಕೀಗೆ ಹೋಗುತ್ತದೆ. ಚಮಚ ಪೆಟ್ರೋಲ್ ಉಳಿಸಿದ ಹೆಮ್ಮೆ ಬೇರೆ.

ಮಳೆಗಾಲ ಮುಗಿಯುವುದರೊಳಗೆ ಟರ್ಬೋ ಮತ್ತೆ ಹೋಯಿತು. ಈ ಸಲ ಸಾಹುಕಾರರು ಸಾಗರದ ಹರಾಜಿನಲ್ಲಿ ಹಿಡಿದ ಜೀಪಿನ ಡೀಸೆಲ್ ಇಂಜಿನ್ನನ್ನೇ ಹೇರಿಕೊಂಡು ಬಂದರು. “ಇದ್ನ ಕೂರ್ಸು. ಆ ಟರ್ಬೋ ಗಿರ್ಬೋ ಸಾವಾಸ ಸಾಕು.” ಆಗುವುದಿಲ್ಲ ಎಂದೆ. “ನೀ ಮಾಡ್ದಿದ್ರೆ ಹೊಸನಗರದಲ್ಲಿ ಮಾಡ್ತಾರೆ” ಎಂದರು. ಬೇರೆಯವನು ಕುಲಗೆಡಿಸುವುದಕ್ಕಿಂತ ನಾನೇ ನೆಟ್ಟಗೆ ಮಾಡುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಪ್ಪಿದೆ. ಹೇಡಿತನ, ಇನ್ನೇನಲ್ಲ.

ಹಳೇ ಇಂಜಿನ್ ಇಳಿಸಿ, ಪಾನಾ ಹಾಕಿ ಒಂದು ಸುತ್ತು ತಿರುಗಿಸಿ ನೋಡಿದೆ. ಬೆಣ್ಣೆಯಂತೆ ತಿರುಗಿತು. ಟರ್ಬೋ ಒಂದು ಬಿಟ್ಟರೆ ಅದಕ್ಕೆ ಯಾವ ರೋಗವೂ ಇರಲಿಲ್ಲ. ಅದನ್ನು ಮೂಲೆಗೆ ತಳ್ಳಿ, ಜೀಪಿನ ಇಂಜಿನ್ ಎತ್ತರವಾಯಿತೆಂದು ಬಾನೆಟ್ಟಿನ ನಡುವೆ ಚೌಕ ಕೊರೆದು ತಗಡಿನ ಗೂನೊಂದನ್ನು ಬೆಸೆದೆ. ನೋಡಲು ಹೇಸಿಗೆಯಾಗುತ್ತಿತ್ತು. ಸ್ಟಾರ್ಟ್ ಮಾಡಿದಾಗ ಕಾರಿನ ಗಾಜೆಲ್ಲ ಗಡಗಡ ನಡುಗಿತು.

ಸಾಹುಕಾರರು ಬೆಸುಗೆಯ ಮೇಲೆ ಕೈಯಾಡಿಸಿ, “ಗೊತ್ತೇ ಆಗಲ್ಲ ನೋಡು! ಕೈ ಅಂದ್ರೆ ನಿಂದು” ಎಂದು ಬೆನ್ನು ತಟ್ಟಿದರು. ಆಗಲೇ ನಾನು ಥೂ ಎಂದು ಉಗಿಯಬೇಕಿತ್ತು. ಹಲ್ಲು ಕಿರಿದು, “ಪೇಂಟೂ ಹೊಡ್ದುಕೊಡ್ತೀನಿ” ಎಂದೆ.