ಕಸ ಬೀಳುವ ಮೊದಲು

ಹೊರ್ತಿ ಊರಿನ ನಮ್ಮ ಮನೆಯಲ್ಲಿ ಎಮ್ಮೆ ಈದರೆ, ಕಸ ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡುತ್ತಿರಲಿಲ್ಲ. ಕಸ ಎಂದರೆ ಕರುವಿನ ಹಿಂದೆ ಬರುವ ಮಾಸು. ಅದಕ್ಕೂ ಮೊದಲು ಕರು ಬಾಯಿ ಹಾಕಿದರೆ ಕಸ ಒಳಗೇ ಉಳಿದು ಎಮ್ಮೆ ಸಾಯುತ್ತದೆ ಎಂದು ಅವ್ವ ನಂಬಿದ್ದಳು. ಆಮೇಲೆ ಹಿಂಡಿದ ಹಾಲಿನಲ್ಲೂ ಹೆಚ್ಚಿನದು ಗಿಣ್ಣವಾಗಿ ಓಣಿಯ ಮನೆಗಳಿಗೆ ಹೋಗುತ್ತಿತ್ತು. ಹಿಂದಿನ ಎರಡು ಕರುಗಳೂ ಭೇದಿಯಾಗಿ ಸತ್ತಿದ್ದವು.

ನಾನು ಕೆಲಸ ಮಾಡುವುದು ಹಾಲಿನ ಪ್ರಯೋಗಾಲಯದಲ್ಲಿ. ಗಿಣ್ಣದ ಹಾಲಿನಿಂದ ಬೇರ್ಪಡಿಸಿದ ಒಂದು ಪ್ರೋಟೀನನ್ನು, ಕೆಟ್ಟ ಊಟದಿಂದ ಹೊಟ್ಟೆ ಸೇರಿ ಭೇದಿ ಹಚ್ಚುವ ಬ್ಯಾಕ್ಟೀರಿಯಾಗಳ ಮೇಲೆ ಹಾಕಿ ನೋಡುತ್ತೇವೆ. ಅವು ಬೆಳೆಯಲು ಬೇಕಾದ ಕಬ್ಬಿಣದ ಅಂಶವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಗಾಜಿನ ತಟ್ಟೆಯಲ್ಲಿ ಅದು ಬಿದ್ದ ಜಾಗದ ಸುತ್ತ ಬ್ಯಾಕ್ಟೀರಿಯಾ ಬೆಳೆಯುವುದೇ ಇಲ್ಲ. ಊರಿಗೆ ಹೋದಾಗೆಲ್ಲ ಇದನ್ನೇ ಹೇಳಿ, ಕರುವಿಗೆ ಮೊದಲ ಹಾಲು ಬಿಡು ಎಂದು ಅವ್ವನ ತಲೆ ತಿನ್ನುತ್ತಿದ್ದೆ.

ಹೋದ ವರ್ಷ ನಾನು ಊರಲ್ಲಿದ್ದಾಗಲೇ ಎಮ್ಮೆ ಈಯಿತು. ಮುಂಜಾನೆ ಹುಟ್ಟಿದ ಕರು ಮಧ್ಯಾಹ್ನಕ್ಕೆ ಕುತ್ತಿಗೆ ಚೆಲ್ಲಿ ಮಲಗಿತು. ಕಸ ಬಿದ್ದಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

‘ಯವ್ವಾ, ಈಗರ ಬಿಡು. ಇದೂ ಹೋಗ್ತೈತಿ.’

‘ಎಮ್ಮಿಗೆ ಏನಾರ ಆದ್ರ ನಿನ್ನ ಗಾಜಿನ ತಟ್ಟಿ ಹಾಲು ಕೊಡ್ತೈತೇನು?’

ಪಶುವೈದ್ಯರಿಗೆ ಫೋನ್ ಹಚ್ಚಿ ಅವಳ ಕಿವಿಗೇ ಹಿಡಿದೆ. ‘ಕರ ಚೀಪಿದ್ರ ಕಸ ಲಗೂನ ಬೀಳ್ತೈತ್ರಿ,’ ಎಂದರು ಅವರು. ಅವ್ವ ತಾನೇ ಕರುವನ್ನು ಎತ್ತಿ ಮೊಲೆಗೆ ಹಿಡಿದಳು.

ಸಂಜೆಯೊಳಗೆ ಕಸ ಬಿತ್ತು. ಕರು ಎದ್ದು ನಿಂತಿತು. ನಾನು ಗೆದ್ದವಳಂತೆ ಬೀಗುತ್ತಾ ಕೂತಿದ್ದೆ.

ಅವ್ವ ಕರುವಿನ ಬೆನ್ನು ತಿಕ್ಕುತ್ತಾ ಕೇಳಿದಳು. ‘ನಿನ್ನಕಿಂತ ಮೊದಲ ಒಂದ ಗಂಡಕೂಸು ಇತ್ತಲ್ಲ. ಮೊದಲಿನ ಹಾಲು ಕೆಟ್ಟದ್ದಂತ ನಮ್ಮತ್ತಿ ಹಿಂಡಿ ಚೆಲ್ಲಿಸಿದ್ಳು. ಕೂಸಿಗೆ ಬೆಲ್ಲದ ನೀರು ಹಾಕಿದ್ವಿ. ವಾರದಾಗ ಭೇದಿ ಹಚ್ಚಿ ಹೋತು. ಆ ಹಾಲು ಕುಡಿಸಿದ್ರ ಉಳೀತಿತ್ತೇನು?’

‘ಒಂದ ಕೂಸಿಂದು ಹಂಗ ಯಾರಿಗೂ ಹೇಳಾಕ ಬರಂಗಿಲ್ಲವ್ವ,’ ಎಂದೆ. ಅದು ನಿಜವೇ. ಆದರೆ ಆ ಹಾಲು ಕುಡಿಸಿದ್ದರೂ ಕೂಸು ಉಳಿಯುತ್ತಿರಲಿಲ್ಲ ಎಂದು ನನ್ನ ಬಾಯಿಂದ ಕೇಳಬೇಕು ಅಂತ ಅವಳು ಕಾದಿದ್ದಳು. ಅದನ್ನು ಹೇಳಲು ನನ್ನಿಂದಾಗಲಿಲ್ಲ.

ಮರುದಿನ ಓಣಿಯವರು ಬಟ್ಟಲು ಹಿಡಿದು ಗಿಣ್ಣಕ್ಕೆ ಬಂದರು. ಅವ್ವ ಬಾಗಿಲಲ್ಲೇ ನಿಂತು, ‘ಒಂದ ಹನಿನೂ ಕೊಡಂಗಿಲ್ರಿ. ಅದು ಕರದ್ದು,’ ಎಂದಳು.