ವಾಪಸು ಬಂದ ಪತ್ರಗಳ ಅಬೂ ಸಿನಾನ್

ಸಾಲ್ಟ್ ಊರಿನ ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲೆ ಡಾಕ್ಟರ್ ನುಹಾ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಕಾಲೇಜಿನ ಇಮೇಲ್ ನೋಡಿಕೊಳ್ಳುವ ಅಬೂ ಸಿನಾನ್ ಅವರ ಋಣವನ್ನು ಮಾತ್ರ ಬಾಯಿಬಿಟ್ಟು ಒಪ್ಪುತ್ತಾರೆ. ಯಾರೋ ವಂಚಕರು ತಮ್ಮ ಇಮೇಲ್‌ಗಳಲ್ಲಿ ಕಳಿಸಿದವರ ಜಾಗಕ್ಕೆ ಕಾಲೇಜಿನ ವಿಳಾಸ ಹಾಕಿ ಲೋಕಕ್ಕೆಲ್ಲ ಬೊಕ್ಕತಲೆಯ ಔಷಧಿ ಮಾರುತ್ತಿದ್ದರು. ತಲುಪದ ಪತ್ರಗಳೂ ತಲುಪಿದವರ ಬೈಗುಳಗಳೂ ಇಲ್ಲಿಗೇ ಬಂದು ಬೀಳುತ್ತಿದ್ದವು. ಅಬೂ ಸಿನಾನ್ ಏಲಕ್ಕಿ ಕಾಫಿ ಹೀರುತ್ತ ಎಲ್ಲವನ್ನೂ ಓದುತ್ತಿದ್ದರು, ಬೈದವರಿಗೆಲ್ಲ ಕ್ಷಮೆ ಕೋರಿ, "ಈ ಕಡೆ ಬಂದರೆ ಕಾಫಿಗೆ ಬನ್ನಿ" ಎಂದು ಬರೆಯುತ್ತಿದ್ದರು. ಬ್ರೆಜಿಲಿನವನೊಬ್ಬ ಯಾವತ್ತು ಬರಲಿ ಎಂದೂ ಕೇಳಿದ್ದ. "ಕಳ್ಳ ಮಾಡಿದ್ದಕ್ಕೆ ನಿಮ್ಮದೇನ್ರೀ ಕ್ಷಮೆ?" ಎಂದು ನುಹಾ ಗದರಿದರೆ, "ನಮ್ಮನೆ ಹೆಸರು ಹೇಳ್ಕೊಂಡು ಹೋಗಿದಾನಲ್ಲ ಡಾಕ್ಟ್ರೇ, ಸಮಾಧಾನ ಮಾಡೋರು ನಾವೇ ತಾನೆ?" ಎನ್ನುತ್ತಿದ್ದರು ಅಬೂ ಸಿನಾನ್. "ಒಟ್ಟಿಗೆ ಅಳಿಸಿ ಬಿಸಾಕ್ರೀ!" "ಓದ್ದೆ ಹೆಂಗಮ್ಮಾ ಬಿಸಾಕೋದು?" ಹಾಗೆ ಓದುತ್ತಲೇ ಒಂದು ಬೆಳಿಗ್ಗೆ, ಆರು ಸಾವಿರ ಬೊಕ್ಕತಲೆಗಳ ನಡುವೆ, ಕಾಲೇಜೇ ಕಳಿಸಿದ್ದ ನಿಜವಾದ ಪತ್ರವೊಂದು ಅವರಿಗೆ ಸಿಕ್ಕಿತು. ಊರ ಕೆಳಗಿನ ಕಣಿವೆಯ ಟೊಮೇಟೊ ತೋಟದ ಕೂಲಿಯ ಮಗಳು ರಬಾಬ್‌ಗೆ ಸೀಟು ಸಿಕ್ಕಿದ ಸುದ್ದಿ ಅವಳ ಇಮೇಲ್ ಪೆಟ್ಟಿಗೆ ತುಂಬಿದ್ದರಿಂದ ತಲುಪದೆ ವಾಪಸಾಗಿತ್ತು. ಸೇರಲು ಅಂದೇ ಕಡೆಯ ದಿನ. ಫೋನಿಗೆ ಉತ್ತರವಿಲ್ಲ. ಅಬೂ ಸಿನಾನ್ ತಮ್ಮ ಹಳೆಯ ಕಾರಿನಲ್ಲಿ ಕಣಿವೆಗಿಳಿದು, ಕೈಯಲ್ಲಿ ಇನ್ನೂ ಮಣ್ಣಿದ್ದ ಹುಡುಗಿಯನ್ನು ಅಪ್ಪನ ಸಮೇತ ಕಚೇರಿ ಮುಚ್ಚುವ ಮೊದಲು ಕರೆತಂದರು. ಆ ಪತ್ರದ ಕೆಳಗಿದ್ದದ್ದು ನುಹಾ ಅವರದೇ ಸಹಿ. ಈಗ ಪ್ರವೇಶದ ತಿಂಗಳು ಬಂತೆಂದರೆ ಅವರು ತಮ್ಮ ಕುರ್ಚಿಯನ್ನು ಅಬೂ ಸಿನಾನ್ ಮೇಜಿನ ಬಳಿಗೆ ಎಳೆದುಕೊಂಡು, ಕನ್ನಡಕ ಒರೆಸಿ, "ವಾಪಸು ಬಂದದ್ರಲ್ಲಿ ಅರ್ಧ ಈ ಕಡೆ ಕೊಡ್ರೀ" ಎನ್ನುತ್ತಾರೆ.